ಚೀನಾದಲ್ಲಿ ಸ್ತನ ಕ್ಯಾನ್ಸರ್ ಬಂದ ಹೆಂಗಸರು ಈಗ ಹೆಚ್ಚು ಬದುಕ್ತಿದ್ದಾರೆ, ಆದ್ರೆ ಎಲ್ರೂ ಅಲ್ಲ

ಮೊದಲು ಎರಡು ಲೆಕ್ಕ ನೋಡಿ. 2022ರಲ್ಲಿ ಚೀನಾದಲ್ಲಿ ಸುಮಾರು 3.57 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, ಆ ವರ್ಷ ಅದರಿಂದ ಸತ್ತವರು ಸುಮಾರು 75 ಸಾವಿರ. ಅದೇ ವರ್ಷ ಭಾರತದಲ್ಲಿ ಹೊಸ ಕೇಸು ಸುಮಾರು 1.92 ಲಕ್ಷ, ಸಾವು ಸುಮಾರು 98 ಸಾವಿರ. ಅಂದ್ರೆ ಅವರ ಕಡೆ ಕೇಸು ನಮ್ಮದಕ್ಕಿಂತ ಹೆಚ್ಚುಕಮ್ಮಿ ಡಬಲ್, ಸಾವು ಮಾತ್ರ ನಮಗಿಂತ ಕಮ್ಮಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹಾಕಿರೋ ಅಂದಾಜು ಇದು.

ಈ ಲೆಕ್ಕ ನಾನು ಮೊದಲ ಸಲ ನೋಡಿದ್ದು ನಮ್ಮ ಚಿಕ್ಕಮ್ಮನ ಕೀಮೋ ನಡೀತಿದ್ದಾಗ, ವಾರ್ಡಿನ ಹೊರಗೆ ಕುರ್ಚಿ ಮೇಲೆ ಕೂತು ಮೊಬೈಲಲ್ಲಿ ಏನೇನೋ ಹುಡುಕ್ತಿದ್ದಾಗ. ಚಿಕ್ಕಮ್ಮನಿಗೆ ಆಗ 47. ನಮ್ಮಂಥದ್ದೇ ಜನಸಂಖ್ಯೆ, ನಮ್ಮ ಹಾಗೇ ಹಳ್ಳಿ ಜಾಸ್ತಿ ಇದ್ದ ದೇಶ, ಕಾಯಿಲೇನೂ ನಮ್ಮ ಹಾಗೇ ಸಣ್ಣ ವಯಸ್ಸಿಗೇ ಬರುತ್ತೆ, ಹಾಗಿದ್ದೂ ಅವ್ರು ಇಷ್ಟು ಜನರನ್ನ ಉಳಿಸ್ಕೊಂಡಿದ್ದು ಹೇಗೆ ಅಂತ ಅವತ್ತಿಂದ ತಲೆಯಲ್ಲಿ ಕೂತುಬಿಡ್ತು. ಅದಕ್ಕೇ ಇದನ್ನ ಬರೀತಿದೀನಿ.

ಒಂದು ಎಚ್ಚರಿಕೆ ಮೊದಲೇ ಹೇಳ್ಬಿಡ್ತೀನಿ. 75 ಸಾವಿರವನ್ನ 3.57 ಲಕ್ಷದಿಂದ ಭಾಗಿಸಿ ಇಷ್ಟು ಪರ್ಸೆಂಟ್ ಸಾಯ್ತಾರೆ ಅಂತ ಹೇಳೋದು ತಪ್ಪು, ಯಾಕಂದ್ರೆ ಈ ವರ್ಷ ಸತ್ತವರಲ್ಲಿ ಬಹುಪಾಲು ಜನಕ್ಕೆ ಕಾಯಿಲೆ ಗೊತ್ತಾಗಿದ್ದು ಹಿಂದಿನ ವರ್ಷಗಳಲ್ಲಿ. ಇನ್ನೊಂದು, ಇದೇ ಸಂಸ್ಥೆ 2020ಕ್ಕೆ ಚೀನಾದ ಬಗ್ಗೆ ಕೊಟ್ಟಿದ್ದ ಅಂದಾಜು 4.16 ಲಕ್ಷ ಕೇಸು, 1.17 ಲಕ್ಷ ಸಾವು. ಎರಡೇ ವರ್ಷದಲ್ಲಿ ಕಾಯಿಲೆ ಅಷ್ಟೊಂದು ಇಳಿಯೋಕೆ ಸಾಧ್ಯಾನೇ ಇಲ್ಲ, ಅಂದಾಜು ಹಾಕೋ ಮೂಲ ಡೇಟಾ ಮತ್ತು ವಿಧಾನ ಬದಲಾಗಿದೆ ಅಷ್ಟೇ. ಹಾಗಾಗಿ ಇಂಥ ಲೆಕ್ಕದಲ್ಲಿ ದಿಕ್ಕು ನೋಡ್ಬೇಕು, ಕೊನೇ ಅಂಕಿಗೆ ಜೋತುಬೀಳಬಾರ್ದು.

ಸರಿಯಾದ ಅಳತೆ ಐದು ವರ್ಷದ ಬದುಕುಳಿಯುವಿಕೆ, ಅಂದ್ರೆ ಕಾಯಿಲೆ ಗೊತ್ತಾಗಿ ಐದು ವರ್ಷ ಆದ್ಮೇಲೆ ನೂರಕ್ಕೆ ಎಷ್ಟು ಜನ ಇದ್ದಾರೆ ಅನ್ನೋದು. ಕಾಂಕಾರ್ಡ್ ಅನ್ನೋ ಅಂತಾರಾಷ್ಟ್ರೀಯ ಅಧ್ಯಯನ 2018ರಲ್ಲಿ ಕೊಟ್ಟ ಪ್ರಕಾರ 2010ರಿಂದ 2014ರ ನಡುವೆ ಪತ್ತೆಯಾದವರಲ್ಲಿ ಅಮೆರಿಕದಲ್ಲಿ ಸುಮಾರು 90, ಚೀನಾದಲ್ಲಿ 83, ಭಾರತದಲ್ಲಿ 66. ಚೀನಾದವರದೇ ನೋಂದಣಿ ಲೆಕ್ಕ ತಗೊಂಡ್ರೆ 2003-05ರಲ್ಲಿ 73 ಇದ್ದಿದ್ದು 2012-15ರ ಹೊತ್ತಿಗೆ 82ಕ್ಕೆ ಏರಿದೆ. ಹತ್ತು ವರ್ಷದಲ್ಲಿ ನೂರಕ್ಕೆ ಒಂಬತ್ತು ಜನ ಹೆಚ್ಚಿಗೆ ಉಳಿದ್ರು ಅನ್ನೋದು ಸಣ್ಣ ಮಾತಲ್ಲ, ಕ್ಯಾನ್ಸರಲ್ಲಂತೂ ಅಲ್ಲವೇ ಅಲ್ಲ.

ಆದ್ರೆ ಆ 73ರ ಒಳಗೆ ಇಣುಕಿ ನೋಡಿದ್ರೆ ಬೇರೇನೇ ಕಥೆ ಇದೆ. ಅದೇ 2003-05ರಲ್ಲಿ ಚೀನಾದ ನಗರದ ಹೆಂಗಸರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ ಸುಮಾರು 78, ಹಳ್ಳಿಯವರಲ್ಲಿ 56. ಒಂದೇ ದೇಶ, ಒಂದೇ ಜನ, ಗಂಟಿನ ಸ್ವಭಾವಾನೂ ಹೆಚ್ಚುಕಮ್ಮಿ ಒಂದೇ. ಆದ್ರೂ 22ರ ಅಂತರ. ಆಮೇಲೆ ಅದು ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ಸೋ ಅಂಕಿ ಇದೇ. ಡಾಕ್ಟರ್ ಮುಂದೆ ಕೂತು ರಿಪೋರ್ಟು ಹಿಡ್ಕೊಂಡು ಯಾವ ಟೈಪು, ಯಾವ ಗ್ರೇಡು ಅಂತ ಕೇಳ್ತೀವಲ್ಲ, ಅದೆಲ್ಲಾ ಬೇಕು ನಿಜ, ಆದ್ರೆ ಆ ಹೆಂಗಸಿನ ಊರು ಯಾವುದು, ಬಿಲ್ಲು ಯಾರು ಕಟ್ತಾರೆ ಅನ್ನೋದೂ ಅಷ್ಟೇ ಜೋರಾಗಿ ಫಲಿತಾಂಶ ತೀರ್ಮಾನ ಮಾಡುತ್ತೆ.

ವಯಸ್ಸಿನ ವಿಷಯಕ್ಕೆ ಬರ್ತೀನಿ. ಪಶ್ಚಿಮದ ದೇಶಗಳಲ್ಲಿ ಇದು ಅರವತ್ತು ದಾಟಿದವರ ಕಾಯಿಲೆ, ಚೀನಾದಲ್ಲಿ 48-50ರ ಆಸುಪಾಸಿಗೇ ಗೊತ್ತಾಗುತ್ತೆ. ಅಲ್ಲಿ ಯಾವ ವಯಸ್ಸಲ್ಲಿ ಎಷ್ಟು ಜನಕ್ಕೆ ಬರುತ್ತೆ ಅಂತ ಗ್ರಾಫ್ ಹಾಕಿದ್ರೆ ಎರಡು ಗುಡ್ಡ ಕಾಣುತ್ತೆ, ಒಂದು 45-55ರಲ್ಲಿ, ಇನ್ನೊಂದು 70 ದಾಟಿದ ಮೇಲೆ. ಗಾಯಕಿ ಯಾವೊ ಬೇನಾ ಅವರಿಗಂತೂ 2011ರಲ್ಲಿ ಪತ್ತೆಯಾದಾಗ ಇನ್ನೂ ಮೂವತ್ತೂ ತುಂಬಿರ್ಲಿಲ್ಲ. ಸರ್ಜರಿ ಮಾಡಿಸ್ಕೊಂಡು ವಾಪಸ್ ವೇದಿಕೆಗೆ ಬಂದ್ರು, 2013ರಲ್ಲಿ ಟಿವಿ ಹಾಡಿನ ಸ್ಪರ್ಧೆಯಲ್ಲಿ ಇಡೀ ದೇಶ ಅವರನ್ನ ನೋಡ್ತು, 2014ರಲ್ಲಿ ಕಾಯಿಲೆ ಮರುಕಳಿಸ್ತು, 2015ರ ಜನವರಿಯಲ್ಲಿ ಶೆನ್‌ಜೆನ್‌ನಲ್ಲಿ ತೀರ್ಕೊಂಡ್ರು. 33 ವರ್ಷ. ಕಣ್ಣಿನ ಕಾರ್ನಿಯಾ ದಾನ ಮಾಡಿ ಹೋದ್ರು. ಈ ಕಾಯಿಲೆ ಇಷ್ಟು ಸಣ್ಣ ವಯಸ್ಸಿಗೂ ಬರುತ್ತಾ ಅಂತ ಅಲ್ಲಿನ ಎಷ್ಟೋ ಹುಡುಗೀರು ಮೊದಲ ಸಲ ಗಾಬರಿಯಾಗಿದ್ದು ಆಗ.

ಇದನ್ನ ಏಷ್ಯಾದ ರಕ್ತದಲ್ಲೇ ಇರೋ ಗುಣ ಅಂದ್ಕೊಂಡ್ರೆ ದಾರಿ ತಪ್ಪುತ್ತೆ. ಇವತ್ತು ಎಪ್ಪತ್ತು ಎಂಬತ್ತರಲ್ಲಿರೋ ಚೀನೀ ಅಜ್ಜಿಯರು ನಾಲ್ಕೈದು ಹೆತ್ತು, ವರ್ಷಗಟ್ಟಲೆ ಎದೆಹಾಲು ಕುಡಿಸಿ, ಬಡತನದಲ್ಲಿ ದುಡಿದವರು, ಅವರಿಗೆ ಈ ಕಾಯಿಲೆಯ ಅಪಾಯ ಮೊದಲಿಂದ್ಲೇ ಕಮ್ಮಿ. ಅವರ ಹೆಣ್ಣುಮಕ್ಕಳು 1980ರ ಆಸುಪಾಸಿನಿಂದ 2015ರವರೆಗೆ ಇದ್ದ ಒಂದೇ ಮಗು ನೀತಿಯಲ್ಲಿ ಬದುಕಿದವರು, ಒಂದೇ ಹೆರಿಗೆ, ಎದೆಹಾಲು ಕೊಟ್ಟ ಒಟ್ಟು ತಿಂಗಳು ಕಮ್ಮಿ, ಜೊತೆಗೆ ಬೇಗ ಮೈನೆರೆಯೋದು, ತಡವಾಗಿ ಮುಟ್ಟು ನಿಲ್ಲೋದು, ತೂಕ ಹೆಚ್ಚೋದು, ಇದೆಲ್ಲಾ ಸೇರಿ ಅವರ ಅಪಾಯ ಏರಿತು. ಹಾಗಾಗಿ ಕೇಸುಗಳ ರಾಶಿ ನಡುವಯಸ್ಸಲ್ಲಿ ಬಿದ್ದಿದೆ. ಇವರೇ ವಯಸ್ಸಾದಂಗೆ ರಾಶೀನೂ ಜರುಗುತ್ತೆ. 1993ರಲ್ಲಿ ಅಮೆರಿಕದಲ್ಲಿ ನೆಲೆಸಿದ ಏಷ್ಯಾ ಮೂಲದ ಹೆಂಗಸರ ಬಗ್ಗೆ ಬಂದ ಒಂದು ಅಧ್ಯಯನದಲ್ಲಿ ಪಶ್ಚಿಮದಲ್ಲೇ ಹುಟ್ಟಿದವರಿಗೆ ಪೂರ್ವದಲ್ಲಿ ಹುಟ್ಟಿ ಹೋದವರಿಗಿಂತ ಅಪಾಯ ನೂರಕ್ಕೆ 60ರಷ್ಟು ಹೆಚ್ಚಿತ್ತು. ವಂಶ ಅದೇ, ಬೆಳೆದ ಜಾಗ ಬೇರೆ.

ವಯಸ್ಸು ಕಮ್ಮಿ ಇದ್ದಾಗ ಇನ್ನೊಂದು ತೊಡಕಿದೆ. ಸ್ತನ ದಟ್ಟವಾಗಿರುತ್ತೆ, ಮ್ಯಾಮೊಗ್ರಾಮ್‌ನಲ್ಲಿ (ಅಂದ್ರೆ ಸ್ತನದ ಎಕ್ಸ್‌ರೇಯಲ್ಲಿ) ದಟ್ಟ ಭಾಗಾನೂ ಬೆಳ್ಳಗೆ ಕಾಣುತ್ತೆ, ಗಂಟೂ ಬೆಳ್ಳಗೆ ಕಾಣುತ್ತೆ, ಮಂಜಿನಲ್ಲಿ ಬಿಳಿ ಸೀರೆ ಹುಡುಕಿದ ಹಾಗೆ. ಚೀನಾದವರು ಅದಕ್ಕೇ ಯುರೋಪಿನ ಪದ್ಧತಿನ ಹಾಗ್ಹಾಗೇ ತರದೆ, ಸ್ಕ್ಯಾನಿಂಗ್ ಅಂತೀವಲ್ಲ ಆ ಅಲ್ಟ್ರಾಸೌಂಡಿಗೆ ಮೊದಲ ಜಾಗ ಕೊಟ್ರು. 2009ರಲ್ಲಿ ಹಳ್ಳಿ ಹೆಂಗಸರಿಗೆ ಗರ್ಭಕಂಠ ಮತ್ತು ಸ್ತನ ಎರಡರ ಉಚಿತ ತಪಾಸಣೆ ಶುರು ಮಾಡಿದ್ರು, ಎರಡು ಕ್ಯಾನ್ಸರ್ ತಪಾಸಣೆ ಅಂತಾನೇ ಅದಕ್ಕೆ ಹೆಸರು, 35 ದಾಟಿದವರಿಗೆ. ಕೈಯಿಂದ ಪರೀಕ್ಷೆ, ಅಲ್ಟ್ರಾಸೌಂಡ್, ಅನುಮಾನ ಬಂದ್ರೆ ಮ್ಯಾಮೊಗ್ರಾಮ್. ಒಳ್ಳೇ ಕೆಲಸ, ಆದ್ರೆ ಮೊದಲ ಮೂರು ವರ್ಷದಲ್ಲಿ ಸ್ತನ ತಪಾಸಣೆಗೆ ಇಟ್ಟುಕೊಂಡ ಗುರಿ ಸುಮಾರು 12 ಲಕ್ಷ ಹೆಂಗಸರು, ಚೀನಾದ ಲೆಕ್ಕಕ್ಕೆ ಅದು ಸಮುದ್ರದಲ್ಲಿ ಒಂದು ಬೊಗಸೆ. 73ರಿಂದ 82ಕ್ಕೆ ಏರಿದ್ದನ್ನ ಇದೊಂದೇ ವಿವರಿಸಲ್ಲ.

ತಪಾಸಣೆ ಅಂದಾಗ ಶಾಂಘೈನ ಬಟ್ಟೆ ಮಿಲ್ಲುಗಳ ಕಥೆ ಹೇಳ್ಲೇಬೇಕು. 1989ರಿಂದ 1991ರ ನಡುವೆ ಅಲ್ಲಿನ 519 ಕಾರ್ಖಾನೆಗಳಲ್ಲಿ ದುಡಿಯೋ ಸುಮಾರು 2 ಲಕ್ಷ 66 ಸಾವಿರ ಹೆಂಗಸರನ್ನ ಎರಡು ಭಾಗ ಮಾಡಿದ್ರು. ಒಂದು ಭಾಗಕ್ಕೆ ತಮ್ಮ ಸ್ತನ ತಾವೇ ಮುಟ್ಟಿ ಪರೀಕ್ಷಿಸೋದನ್ನ ಕಲಿಸಿದ್ರು. ಸುಮ್ನೆ ಒಂದು ಕರಪತ್ರ ಕೊಟ್ಟು ಕೈತೊಳ್ಕೊಂಡಿಲ್ಲ. ಒಳಗೆ ಗಂಟು ಹುದುಗಿಸಿದ ಸಿಲಿಕಾನ್ ಸ್ತನದ ಮಾದರಿ ಕೈಗೆ ಕೊಟ್ಟು, ಬೆರಳು ಹೇಗಿಡಬೇಕು, ಎಷ್ಟು ಒತ್ತಬೇಕು ಅಂತ ತೋರಿಸಿ, ಒಂದು ವರ್ಷಕ್ಕೆ ಮತ್ತು ಮೂರು ವರ್ಷಕ್ಕೆ ಮತ್ತೆ ಪಾಠ ಮಾಡಿ, ಐದು ವರ್ಷ ಆರಾರು ತಿಂಗಳಿಗೊಮ್ಮೆ ಎದುರಿಗೇ ಮಾಡಿಸಿ ನೋಡಿದ್ರು. ಮಗ್ಗದ ಸದ್ದಿನ ಪಕ್ಕದ ಕೋಣೆಯಲ್ಲಿ ಸಾಲಾಗಿ ಕೂತು ಆ ಮಾದರಿ ಒತ್ತಿ ಗಂಟು ಹುಡುಕ್ತಿರೋ ಹೆಂಗಸರನ್ನ ನಾನು ಎಷ್ಟೋ ಸಲ ಕಲ್ಪಿಸ್ಕೊಂಡಿದ್ದೀನಿ. ಹತ್ತು ಹನ್ನೊಂದು ವರ್ಷ ಆದ್ಮೇಲೆ ಲೆಕ್ಕ ತೆಗೆದ್ರೆ ಕಲಿತ ಗುಂಪಿನಲ್ಲಿ ಸ್ತನ ಕ್ಯಾನ್ಸರಿಂದ ಸತ್ತವರು 135, ಕಲಿಸದ ಗುಂಪಿನಲ್ಲಿ 131. ವ್ಯತ್ಯಾಸಾನೇ ಇಲ್ಲ. ಕಲಿತವರು ಅಪಾಯವಿಲ್ಲದ ಗಂಟುಗಳನ್ನ ಮಾತ್ರ ಜಾಸ್ತಿ ಹುಡುಕಿದ್ರು, 2,761, ಇನ್ನೊಂದು ಗುಂಪಲ್ಲಿ 1,505.

ಇದನ್ನ ಓದಿ ನಾನು ಕೆಲವು ದಿನ ಬೇಜಾರಲ್ಲಿದ್ದೆ, ಯಾಕಂದ್ರೆ ನಮ್ಮ ಚಿಕ್ಕಮ್ಮನ ಗಂಟು ಸಿಕ್ಕಿದ್ದೇ ಸ್ನಾನ ಮಾಡೋವಾಗ ಅವರ ಕೈಗೆ. ಆದ್ರೆ ಈ ಫಲಿತಾಂಶ ಹೇಳೋದು ಗಂಟು ಕಂಡ್ರೆ ಸುಮ್ನಿರಿ ಅಂತಲ್ಲ. ಸಾವಿರಾರು ಜನಕ್ಕೆ ತಿಂಗಳಿಗೊಮ್ಮೆ ಕ್ರಮವಾಗಿ ಮುಟ್ಟಿ ನೋಡೋ ತರಬೇತಿ ಕೊಡೋ ಕಾರ್ಯಕ್ರಮ ಸಾವು ಇಳಿಸಲ್ಲ ಅಂತ ಅಷ್ಟೇ. ಆ ಮಿಲ್ಲಿನ ಹೆಂಗಸರಿಗೆ ಕಾರ್ಖಾನೆಯದೇ ವೈದ್ಯಕೀಯ ಸೌಲಭ್ಯ ಇತ್ತು, ತರಬೇತಿ ಇಲ್ಲದವರೂ ಏನಾದ್ರೂ ಬದಲಾವಣೆ ಕಂಡಾಗ ಹೋಗಿ ತೋರಿಸ್ಕೊಳ್ಳೋಕೆ ದಾರಿ ಇತ್ತು. ಮುಂಬೈಯಲ್ಲಿ ಟಾಟಾ ಮೆಮೋರಿಯಲ್‌ನವರು 1998ರಿಂದ ಇಪ್ಪತ್ತು ವರ್ಷ ಸುಮಾರು ಒಂದೂವರೆ ಲಕ್ಷ ಕೊಳೆಗೇರಿ ಹೆಂಗಸರ ಮೇಲೆ ನಡೆಸಿದ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬಂದು ಕೈಯಿಂದ ಪರೀಕ್ಷೆ ಮಾಡಿದ್ರು. ಅಲ್ಲಿ 50 ದಾಟಿದವರಲ್ಲಿ ಸಾವು ಸುಮಾರು ನೂರಕ್ಕೆ 30ರಷ್ಟು ಇಳೀತು, ಅದಕ್ಕಿಂತ ಸಣ್ಣವರಲ್ಲಿ ಲಾಭ ಕಾಣಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ನನಗೆ ಅನ್ಸೋದು, ಹೆಂಗಸಿನ ತಲೆ ಮೇಲೇ ಜವಾಬ್ದಾರಿ ಹಾಕಿ ಕೈಬಿಡೋದಕ್ಕಿಂತ ಮನೆ ಬಾಗಿಲಿಗೆ ಬಂದು ನೋಡೋ ಒಬ್ಬಳು ಕಾರ್ಯಕರ್ತೆ, ಆಮೇಲೆ ಮುಂದಿನ ಟೆಸ್ಟಿಗೆ ಕರ್ಕೊಂಡು ಹೋಗೋ ವ್ಯವಸ್ಥೆ, ಇವು ಹೆಚ್ಚು ಕೆಲಸಕ್ಕೆ ಬರ್ತವೆ.

ಕಾಯಿಲೆ ಎಷ್ಟು ಹರಡಿದ ಮೇಲೆ ಗೊತ್ತಾಗುತ್ತೆ, ಅಂದ್ರೆ ಒಂದರಿಂದ ನಾಲ್ಕರವರೆಗಿನ ಹಂತ, ಆ ವ್ಯತ್ಯಾಸ ಅಂತೂ ದೊಡ್ಡದು. 1999-2008ರ ನಡುವೆ ಚೀನಾದ ಏಳು ಪ್ರದೇಶಗಳ ಆಸ್ಪತ್ರೆಗಳಲ್ಲಿ 4,211 ಪೇಷೆಂಟುಗಳ ಫೈಲು ತೆಗೆದು ನೋಡಿದಾಗ ಒಂದನೇ ಎರಡನೇ ಹಂತದಲ್ಲಿ ಬಂದವರು ಒಟ್ಟು ನೂರಕ್ಕೆ 60 ಜನ, ನಾಲ್ಕನೇ ಹಂತದವರು 2-3 ಜನ. ದೊಡ್ಡಾಸ್ಪತ್ರೆಗಳ ಲೆಕ್ಕ ಇದು, ಹಳ್ಳಿಯದು ಇಷ್ಟು ಚೆನ್ನಾಗಿರಲಿಕ್ಕಿಲ್ಲ. ನಮ್ಮಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜನ ಬರೋದೇ ಮೂರು ನಾಲ್ಕನೇ ಹಂತದಲ್ಲಿ. ಎರಡೂ ದೇಶದ ಬದುಕುಳಿಯುವಿಕೆಯ ಅಂತರದಲ್ಲಿ ದೊಡ್ಡ ಪಾಲು ಇಲ್ಲೇ ಇದೆ ಅಂತ ನನ್ನ ನಂಬಿಕೆ.

ಈಗ ಔಷಧಿ, ದುಡ್ಡಿನ ಮಾತು. ಸ್ತನ ಕ್ಯಾನ್ಸರ್ ಬಂದ ಐದು ಜನರಲ್ಲಿ ಹೆಚ್ಚುಕಮ್ಮಿ ಒಬ್ಬರದು ಹರ್-2 ಪಾಸಿಟಿವ್, ಅಂದ್ರೆ ಗಂಟಿನ ಜೀವಕೋಶಗಳ ಮೇಲೆ ಹರ್-2 ಅನ್ನೋ ಪ್ರೋಟೀನ್ ಅತಿಯಾಗಿರುತ್ತೆ. ಮೊದಲೆಲ್ಲಾ ಇದು ಬೇಗ ಹರಡೋ, ಕೆಟ್ಟ ಟೈಪು ಅಂತಿದ್ರು. ಆ ಪ್ರೋಟೀನನ್ನೇ ತಡೆಯೋ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಬಂದ ಮೇಲೆ ಆ ಭವಿಷ್ಯಾನೇ ಬದಲಾಯ್ತು. ಚೀನಾದಲ್ಲಿ ಅದಕ್ಕೆ 2002ರಲ್ಲೇ ಅನುಮತಿ ಸಿಕ್ಕಿತ್ತು, ಆದ್ರೆ 440 ಮಿಲಿಗ್ರಾಂನ ಒಂದು ವಯಲ್‌ಗೆ 20 ಸಾವಿರ ಯುವಾನ್‌ಗೂ ಮೇಲೆ. ಇದರ ಅರ್ಥ ಏನು ಅಂತ ಸ್ವಲ್ಪ ಲೆಕ್ಕ ಹಾಕಿ. 60 ಕೆಜಿ ತೂಕದ ಹೆಂಗಸಿಗೆ ಮೂರು ವಾರಕ್ಕೊಮ್ಮೆ ಸುಮಾರು 360 ಮಿಲಿಗ್ರಾಂ ಬೇಕು, ವರ್ಷಕ್ಕೆ 17-18 ಡೋಸು, ಅಂದ್ರೆ 14-15 ವಯಲ್, ಸುಮಾರು 3 ಲಕ್ಷ ಯುವಾನ್. 2017ರಲ್ಲಿ ಚೀನಾದ ಹಳ್ಳಿಯ ಒಬ್ಬ ವ್ಯಕ್ತಿಯ ಸರಾಸರಿ ವಾರ್ಷಿಕ ಆದಾಯ 13,432 ಯುವಾನ್. ಒಂದು ವರ್ಷ ದುಡಿದ್ರೂ ಒಂದು ವಯಲ್ ಬರ್ತಿರ್ಲಿಲ್ಲ! ಅಂಗೈ ಅಗಲದ ಗಾಜಿನ ಸೀಸೆ, ತಳದಲ್ಲಿ ಬಿಳಿ ಪುಡಿ, ಫ್ರಿಜ್ಜಿನಲ್ಲಿ ಇಡ್ಬೇಕು, ನಾನೂ ಐಸ್‌ಪ್ಯಾಕ್ ಹಾಕಿದ ಥರ್ಮೋಕೋಲ್ ಡಬ್ಬಿ ತೊಡೆ ಮೇಲಿಟ್ಕೊಂಡು ಆಟೋದಲ್ಲಿ ತಂದಿದ್ದೀನಿ, ಪ್ರತಿ ಹಂಪ್‌ಗೂ ಎದೆ ಧಸಕ್ ಅಂತಿತ್ತು.

2017ರ ಬೇಸಿಗೆಯಲ್ಲಿ ಚೀನಾ ಸರ್ಕಾರ ಕಂಪನಿಗಳ ಜೊತೆ ಕೂತು 36 ಔಷಧಿಗಳ ಬೆಲೆ ಚೌಕಾಸಿ ಮಾಡಿ ರಾಷ್ಟ್ರೀಯ ವಿಮೆಯ ಪಟ್ಟಿಗೆ ಸೇರಿಸ್ತು, ಅದರಲ್ಲಿ ಇದೂ ಒಂದು, ಬೆಲೆ 7,600 ಯುವಾನ್‌ಗೆ ಇಳೀತು. ಇಷ್ಟು ವರ್ಷ ದೂರದಲ್ಲಿ ನಿಂತು ನೋಡ್ತಿದ್ದವರೆಲ್ಲಾ ಒಂದೇ ಸಲ ಆಸ್ಪತ್ರೆಗೆ ಬಂದ್ರು, 2018ರ ಶುರುವಲ್ಲಿ ಎಷ್ಟೋ ಊರುಗಳಲ್ಲಿ ಸ್ಟಾಕೇ ಇರ್ಲಿಲ್ಲ, ಅರ್ಧ ಕೋರ್ಸ್ ಆದವರು ಊರಿಂದೂರಿಗೆ ಅಲೀಬೇಕಾಯ್ತು. ಬೆಲೆ ಇಳಿಸೋದು ಒಂದು ಕೆಲಸ, ಮಾಲು ಇಡೋದು ಇನ್ನೊಂದು ಕೆಲಸ ಅಂತ ಆಗ ಗೊತ್ತಾಯ್ತು. 2020ರಲ್ಲಿ ಅಲ್ಲಿಯದೇ ಹೆನ್ಲಿಯಸ್ ಕಂಪನಿಯ ಬಯೋಸಿಮಿಲರ್ ಬಂತು, ಅಂದ್ರೆ ಮೂಲ ಔಷಧಿಯ ಹಾಗೇ ಕೆಲಸ ಮಾಡೋ ಬೇರೆ ಕಂಪನಿಯ ಔಷಧಿ. ನಮಗಿಲ್ಲಿ ಹೆಮ್ಮೆಪಡೋ ವಿಷಯ ಒಂದಿದೆ, ಇದೇ ಔಷಧಿಯ ಬಯೋಸಿಮಿಲರ್‌ನ ಬೆಂಗಳೂರಿನ ಬಯೋಕಾನ್ 2014ರಲ್ಲೇ ಭಾರತದ ಮಾರ್ಕೆಟ್ಟಿಗೆ ತಂದಿತ್ತು, ಚೀನಾಗಿಂತ ಆರು ವರ್ಷ ಮೊದಲು. ಔಷಧಿ ಮಾಡೋದರಲ್ಲಿ ನಾವು ಹಿಂದೆ ಇರ್ಲಿಲ್ಲ. ಅದನ್ನ ಹೆಂಗಸಿನ ತೋಳಿನವರೆಗೆ ಮುಟ್ಟಿಸೋಕೆ ದುಡ್ಡು ಯಾರು ಕೊಡ್ತಾರೆ ಅನ್ನೋದರಲ್ಲಿ ಅವರು ಮುಂದೆ ಹೋದ್ರು.

ಅಲ್ಲಿನ ಸಂಶೋಧನೆಯೂ ಈಗ ಜಗತ್ತು ನೋಡೋ ಹಾಗಿದೆ. ಹರಡಿದ ಹರ್-2 ಟೈಪಿನ ಕಾಯಿಲೆಗೆ ಚೀನಾದಲ್ಲೇ ಕಂಡುಹಿಡಿದ ಪೈರೋಟಿನಿಬ್ ಮಾತ್ರೆನ ಟ್ರಾಸ್ಟುಜುಮಾಬ್ ಮತ್ತು ಕೀಮೋ ಜೊತೆ ಕೊಟ್ಟಾಗ ಕಾಯಿಲೆ ಬೆಳೆಯದೆ ಇದ್ದ ಅವಧಿ ಸುಮಾರು 10 ತಿಂಗಳಿಂದ 24 ತಿಂಗಳಿಗೆ ಹೋಯ್ತು, ಬೀಜಿಂಗ್‌ನ ಶು ಬಿಂಗ್‌ಹೆ ಅವರ ತಂಡ 590 ಹೆಂಗಸರ ಮೇಲೆ ಮಾಡಿ 2023ರಲ್ಲಿ ಪ್ರಕಟಿಸಿದ್ದು. ಆದ್ರೆ ಅರ್ಧದ ಹತ್ತಿರ ಹತ್ತಿರ ಜನಕ್ಕೆ ಜೋರು ಭೇದಿ, ಅದನ್ನೂ ಹೇಳ್ಬೇಕು.

ನನಗೆ ಇನ್ನೂ ಇಷ್ಟವಾಗಿದ್ದು ಗುವಾಂಗ್‌ಝೌನ ಸುನ್ ಯಾತ್-ಸೆನ್ ವಿಶ್ವವಿದ್ಯಾಲಯದ ಕ್ಯಾನ್ಸರ್ ಆಸ್ಪತ್ರೆಯಿಂದ ಬಂದ ಕೆಲಸ. ಟ್ರಿಪಲ್ ನೆಗೆಟಿವ್ ಅನ್ನೋ ಟೈಪಿಗೆ ಹಾರ್ಮೋನ್ ತಡೆಯೋ ಮಾತ್ರೇನೂ ನಾಟಲ್ಲ, ಹರ್-2 ಇಂಜೆಕ್ಷನ್ನೂ ನಾಟಲ್ಲ, ಮೊದಲ ಎರಡು ಮೂರು ವರ್ಷದಲ್ಲೇ ವಾಪಸ್ ಬರೋ ಭಯ ಜಾಸ್ತಿ. ಅವರು ಮಾಡಿದ್ದಿಷ್ಟು, ಸರ್ಜರಿ ಕೀಮೋ ಎಲ್ಲಾ ಮುಗಿದ ಮೇಲೆ ಹಳೇ ಕೇಪ್‌ಸೈಟಬಿನ್ ಅನ್ನೋ ಕೀಮೋ ಮಾತ್ರೆನೇ ಕಮ್ಮಿ ಡೋಸಲ್ಲಿ, ಬಿಡದೆ ದಿನಾ ಎರಡು ಹೊತ್ತು, ಒಂದು ವರ್ಷ ಕೊಟ್ರು. 434 ಹೆಂಗಸರು. ಐದು ವರ್ಷ ಆದ್ಮೇಲೆ ಕಾಯಿಲೆ ಇಲ್ಲದೆ ಇದ್ದವರು ಮಾತ್ರೆ ತಗೊಂಡವರಲ್ಲಿ ನೂರಕ್ಕೆ ಸುಮಾರು 83, ತಗೊಳ್ಳದವರಲ್ಲಿ 73. ಒಟ್ಟಾರೆ ಬದುಕಿನ ಲೆಕ್ಕದಲ್ಲಿ ವ್ಯತ್ಯಾಸ ಖಚಿತ ಅನ್ನೋ ಮಟ್ಟಕ್ಕೆ ಬಂದಿಲ್ಲ. ಆದ್ರೂ ಜೆನೆರಿಕ್ ಅಂಗಡಿಯಲ್ಲಿ ಸಿಗೋ ಮಾತ್ರೆಯಿಂದ ಇಷ್ಟು ಸಿಗುತ್ತೆ ಅಂದ್ರೆ ನಮ್ಮಂಥ ದೇಶಕ್ಕೆ ಇದು ಎಷ್ಟು ದೊಡ್ಡದು ಯೋಚ್ನೆ ಮಾಡಿ. ಇತ್ತ ಶಾಂಘೈನ ಫುದಾನ್‌ನಲ್ಲಿ ಶಾವೊ ಝಿಮಿನ್ ಅವರ ತಂಡ 465 ಚೀನೀ ಹೆಂಗಸರ ಗಂಟುಗಳ ಜೀನುಗಳನ್ನ ಓದಿ 2019ರಲ್ಲಿ ಟ್ರಿಪಲ್ ನೆಗೆಟಿವ್ ಅನ್ನೋ ಒಂದೇ ಹಣೆಪಟ್ಟಿಯೊಳಗೆ ನಾಲ್ಕು ಬೇರೆ ಬೇರೆ ಕಾಯಿಲೆ ಇದೆ ಅಂತ ವಿಂಗಡಿಸ್ತು, ಆಮೇಲೆ ಅದರ ಪ್ರಕಾರ ಔಷಧಿ ಆರಿಸಿ ಕೊಟ್ಟಾಗ ಹರಡಿದ ಕಾಯಿಲೆ ತಡೆದಿಟ್ಟ ಅವಧಿ 5.8 ತಿಂಗಳಿಂದ 11.3 ತಿಂಗಳಾಯ್ತು.

ಸರ್ಜರಿ ವಿಷಯದಲ್ಲಿ ಮಾತ್ರ ನನಗೆ ನೋವಾಗುತ್ತೆ. ಗಂಟಷ್ಟೇ ತೆಗೆದು ಸ್ತನ ಉಳಿಸೋ ಸರ್ಜರಿ ಚೀನಾದಲ್ಲಿ ಐದು ಜನರಲ್ಲಿ ಒಬ್ಬರಿಗೆ ಆಗ್ತಿದ್ರೆ ಹೆಚ್ಚು, ಮಿಕ್ಕವರಿಗೆ ಪೂರ್ತಿ ತೆಗೀತಾರೆ. ಸಣ್ಣ ಗಂಟಿಗೆ ಎರಡರ ಫಲಿತಾಂಶಾನೂ ಒಂದೇ ಅಂತ ದಶಕಗಳ ಹಿಂದೆಯೇ ಸಾಬೀತಾಗಿದೆ. ಆದ್ರೆ ಉಳಿಸಿದ್ರೆ ಆಮೇಲೆ ರೇಡಿಯೇಷನ್ ಕೊಡ್ಲೇಬೇಕು, ನಮ್ಮ ಕಡೆ ಕರೆಂಟ್ ಕೊಡೋದು ಅಂತಾರಲ್ಲ ಅದು, ವಾರಗಟ್ಟಲೆ ದಿನಾ ಹೋಗ್ಬೇಕು, ಮೆಷಿನ್ ಇರೋ ಊರಲ್ಲೇ ರೂಮು ಮಾಡ್ಬೇಕು. ಬೀಜಿಂಗ್‌ನ ಪಾನ್‌ಜಿಯಾಯುವಾನ್‌ನಲ್ಲಿ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಸುತ್ತ ಹಾಗೆ ಸಣ್ಣ ಸಣ್ಣ ಬಾಡಿಗೆ ರೂಮು ಹಿಡಿದು ಇರೋರು ಎಷ್ಟೋ ಜನ, ಮಂಚದ ಪಕ್ಕದಲ್ಲೇ ಒಲೆ, ಗಂಡ ಅಥವಾ ಮಗಳು ಜೊತೆಗೆ. ನಮ್ಮ ಕಿದ್ವಾಯಿ ಸುತ್ತಮುತ್ತ ಓಡಾಡಿದವರಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ. ಅಲ್ಲಿ ವಿಮೆ ಹೆಚ್ಚುಕಮ್ಮಿ ಎಲ್ರಿಗೂ ಇದೆ, ನೂರಕ್ಕೆ 95ಕ್ಕೂ ಹೆಚ್ಚು, ಆದ್ರೆ ಅದು ಅವರವರ ಊರಿಗೆ ಕಟ್ಟಿದ್ದು, ನಗರದ ನೌಕರರ ವಿಮೆ ಹೆಚ್ಚು ಕೊಡುತ್ತೆ, ಹಳ್ಳಿಯವರದು ಕಮ್ಮಿ, ಬೇರೆ ಪ್ರಾಂತ್ಯಕ್ಕೆ ಹೋದ್ರೆ ವಾಪಸ್ ಸಿಗೋ ಪಾಲು ಇನ್ನೂ ಕಮ್ಮಿ. ಹಾಗಾಗಿ ತುಂಬಾ ಹೆಂಗಸರು ಒಂದೇ ಸಲಕ್ಕೆ ಮುಗೀಲಿ ಅಂತ ಪೂರ್ತಿ ತೆಗೆಸ್ಕೊಂಡು ಊರಿಗೆ ಹೋಗ್ತಾರೆ, ಜೊತೆಗೆ ಉಳಿಸಿದ್ರೆ ಮತ್ತೆ ಬರುತ್ತೇನೋ ಅನ್ನೋ ಭಯ. ಎಲ್ಲಾ ಸೇರಿ ತಗೊಂಡ ನಿರ್ಧಾರ ಅದು.

ಊಟದ ಬಗ್ಗೆ ಒಂದೇ ಮಾತು, ಯಾಕಂದ್ರೆ ಇದನ್ನ ಕೇಳದ ನೆಂಟರಿಲ್ಲ. ಸೋಯಾದಲ್ಲಿ ಈಸ್ಟ್ರೋಜನ್ ಥರದ ವಸ್ತು ಇದೆ, ಹಾರ್ಮೋನ್ ಪಾಸಿಟಿವ್ ಆದವರು (ಅಂದ್ರೆ ಈಸ್ಟ್ರೋಜನ್ ಥರದ ಹಾರ್ಮೋನಿಂದ ಬೆಳೆಯೋ ಟೈಪಿನವರು) ಮುಟ್ಟಬಾರದು ಅಂತ ಹೇಳಿ ನಮ್ಮನೇಲೂ ಚಿಕ್ಕಮ್ಮನ ತಟ್ಟೆಯಿಂದ ಮೀಲ್ ಮೇಕರ್ ತೆಗೆಸಿದ್ರು. ತೋಫು, ಸೋಯಾ ಹಾಲು ಊಟದಲ್ಲಿ ಮಾಮೂಲಾಗಿರೋ ಶಾಂಘೈನಲ್ಲಿ 5,042 ಪೇಷೆಂಟುಗಳನ್ನ ಸುಮಾರು ನಾಲ್ಕು ವರ್ಷ ನೋಡಿ 2009ರಲ್ಲಿ ಕೊಟ್ಟ ವರದಿಯಲ್ಲಿ ಅತಿ ಹೆಚ್ಚು ಸೋಯಾ ತಿಂದವರಲ್ಲಿ ಅತಿ ಕಮ್ಮಿ ತಿಂದವರಿಗಿಂತ ಸಾವು ನೂರಕ್ಕೆ 29ರಷ್ಟು, ಮರುಕಳಿಸೋದು 32ರಷ್ಟು ಕಮ್ಮಿ ಇತ್ತು. ಸೋಯಾ ತಿಂದಿದ್ದಕ್ಕೇ ಉಳಿದ್ರು ಅಂತ ಇದರಿಂದ ಹೇಳೋಕಾಗಲ್ಲ, ಅಂಥ ಅಧ್ಯಯನ ಅಲ್ಲ ಇದು. ಆದ್ರೆ ಊಟದಲ್ಲಿ ಬರೋ ಸೋಯಾಗೆ ಹೆದರೋ ಕಾರಣ ಇಲ್ಲ ಅಂತ ಧೈರ್ಯವಾಗಿ ಹೇಳಬಹುದು. ಪುಡಿ, ಕ್ಯಾಪ್ಸೂಲ್ ಥರದ್ದು ಬೇರೆ ಮಾತು, ಅದನ್ನ ಡಾಕ್ಟರ್ ಕೇಳದೆ ತಗೋಬೇಡಿ.

ಇಷ್ಟೆಲ್ಲಾ ಹೇಳಿದ ಮೇಲೂ ನನ್ನ ಕಾಡೋದು ಐದು ವರ್ಷ ಅನ್ನೋ ಆ ಅಳತೆಯೇ. 65ಕ್ಕೆ ಕಾಯಿಲೆ ಬಂದವರಿಗೆ ಐದು ವರ್ಷ ಒಂದು ಅರ್ಥ, 48ಕ್ಕೆ ಬಂದವರಿಗೆ ಬೇರೆ, ಅವರ ಮುಂದೆ ಇನ್ನೂ ಮೂವತ್ತು ವರ್ಷ ಇರುತ್ತೆ. ಬಹುಪಾಲು ಹೆಂಗಸರದು ಹಾರ್ಮೋನ್ ಪಾಸಿಟಿವ್ ಟೈಪು, ಅದು ಎಷ್ಟೋ ವರ್ಷ ಬಿಟ್ಟು ಮರುಕಳಿಸೋ ಕಾಯಿಲೆ. 63 ಸಾವಿರದಷ್ಟು ಹೆಂಗಸರ ದಾಖಲೆ ಒಟ್ಟು ಮಾಡಿ 2017ರಲ್ಲಿ ಬಂದ ವಿಶ್ಲೇಷಣೆಯಲ್ಲಿ ಐದು ವರ್ಷ ಹಾರ್ಮೋನ್ ತಡೆಯೋ ಮಾತ್ರೆ ಮುಗಿಸಿ ಆರೋಗ್ಯವಾಗಿದ್ದವರಲ್ಲೂ, ಗಂಟು ಸಣ್ಣದಿದ್ದು ಕಂಕುಳಿಗೆ ಹೋಗದೆ ಇದ್ದವರಲ್ಲೂ ಕೂಡ, ಇಪ್ಪತ್ತನೇ ವರ್ಷದೊಳಗೆ ನೂರಕ್ಕೆ 13 ಜನಕ್ಕೆ ದೇಹದ ಬೇರೆ ಕಡೆ ಕಾಣಿಸ್ಕೊಂಡಿತ್ತು. ಚೀನಾದ 82, 83 ಅನ್ನೋ ಅಂಕಿ ಇದನ್ನ ನೋಡಿಲ್ಲ, ನೋಡೋಕಾಗೋದೂ ಇಲ್ಲ. ಒಂದೇ ಮಗು ಕಾಲದ ಆ ಹೆಂಗಸರು ಅರವತ್ತು ಎಪ್ಪತ್ತಕ್ಕೆ ಬರೋ ಹೊತ್ತಿಗೆ ಅವರ ಕೈಗೆ ಮಾತ್ರೆ ಸಿಗ್ತಿದೆಯಾ, ತಾಲೂಕು ಮಟ್ಟದಲ್ಲಿ ಯಾರಾದ್ರೂ ಅವರನ್ನ ವರ್ಷಕ್ಕೊಮ್ಮೆ ಕರೆದು ನೋಡ್ತಿದ್ದಾರಾ ಅನ್ನೋದ್ರ ಮೇಲೆ ಮುಂದಿನ ಲೆಕ್ಕ ನಿಂತಿದೆ.

ನಮ್ಮ ಚಿಕ್ಕಮ್ಮನದೂ ಹಾರ್ಮೋನ್, ಹರ್-2 ಎರಡೂ ಪಾಸಿಟಿವ್. ಇಂಜೆಕ್ಷನ್ ಮುಗಿದು ನಾಲ್ಕು ವರ್ಷ ಆಯ್ತು, ಹಾರ್ಮೋನ್ ತಡೆಯೋ ಟ್ಯಾಮೊಕ್ಸಿಫೆನ್ ಮಾತ್ರೆ ಇನ್ನೂ ನಡೀತಿದೆ, ಹತ್ತು ವರ್ಷ ತಗೋಬೇಕು ಅಂದಿದ್ದಾರೆ. ರಾತ್ರಿಯೆಲ್ಲಾ ಮೈ ಬಿಸಿಯೇರಿ ಬೆವರಿಳಿಯುತ್ತೆ ಅಂತ ಒಂದು ಸಲ ಯಾರಿಗೂ ಹೇಳದೆ ಎರಡು ತಿಂಗಳು ನಿಲ್ಲಿಸಿದ್ರು. ಈಗ ಪ್ರತಿ ಭಾನುವಾರ ಫೋನ್ ಮಾಡಿದಾಗ ನಾನು ಮೊದಲು ಕೇಳೋದು, ಸ್ಟ್ರಿಪ್‌ನಲ್ಲಿ ಎಷ್ಟು ಉಳಿದಿದೆ ಚಿಕ್ಕಮ್ಮ ಅಂತ. ಅವರು ಎದ್ದು ಹೋಗಿ ಎಣಿಸಿ ಬಂದು ಹೇಳ್ತಾರೆ.